ಸೌದೆಯ ದಾರಿ, ಬಿಸಿಲಿನ ಒಲೆ

ಸುಡಾನಿನ ಪಶ್ಚಿಮ ಭಾಗವಾದ ದಾರ್ಫುರ್‌ನಲ್ಲಿ 2003ರಲ್ಲಿ ಹೊತ್ತಿಕೊಂಡ ಯುದ್ಧಕ್ಕೆ ಹೆದರಿ ಗಡಿ ದಾಟಿದ ಸಾವಿರಾರು ಜನ ಪೂರ್ವ ಚಾಡ್‌ನ ಇರಿದಿಮಿಯಂಥ ಶಿಬಿರಗಳನ್ನು ಸೇರಿದರು. ಪಡಿತರವೇನೋ ಸಿಗುತ್ತಿತ್ತು, ಬೇಯಿಸಲು ಸೌದೆ ಇರಲಿಲ್ಲ. ಸುತ್ತಲಿನ ಕುರುಚಲು ಬರಿದಾದಂತೆ ಹೆಂಗಸರು, ಹುಡುಗಿಯರು ಇನ್ನೂ ದೂರ ಹೋಗಬೇಕಾಯಿತು. ಅತ್ಯಾಚಾರ, ಹಲ್ಲೆ ನಡೆಯುತ್ತಿದ್ದುದು ಆ ದಾರಿಯಲ್ಲೇ. 2006ರ ಹೊತ್ತಿಗೆ ಇರಿದಿಮಿಯಲ್ಲಿ ಫಾಯಿಲ್ ಅಂಟಿಸಿದ ರಟ್ಟಿನಿಂದ ಬಿಸಿಲನ್ನು ಪಾತ್ರೆಯ ಮೇಲೆ ಬೀಳಿಸಿ ಬೇಯಿಸುವ ‘ಕುಕಿಟ್’ ಸೋಲಾರ್ ಕುಕ್ಕರ್ ಬಳಕೆಗೆ ಬಂದದ್ದು ಇದೇ ಕಾರಣಕ್ಕೆ. ಅದನ್ನು ತಯಾರಿಸುವ ಕೆಲಸವನ್ನೂ ಶಿಬಿರದ ಹೆಂಗಸರೇ ಕಲಿತರು.

ಇದನ್ನು ಮಾಡಲು ಬೇಕಾಗುವುದು ಸುಮಾರು 90×120 ಸೆಂ.ಮೀ. ರಟ್ಟು, ಅಲ್ಯುಮಿನಿಯಂ ಫಾಯಿಲ್, ಅದನ್ನು ಅಂಟಿಸಲು ಸಮಪಾಲು ನೀರು ಬೆರೆಸಿದ ಬಿಳಿ ಗೋಂದು. ಫಾಯಿಲ್‌ನ ಹೊಳೆಯುವ ಮೈ ಹೊರಗಿರಲಿ. ಸುಕ್ಕು ಬಿದ್ದರೆ ಬೆಳಕು ಪಾತ್ರೆಯ ಮೇಲೆ ಬೀಳದೆ ಚದುರುತ್ತದೆ. ಪಾತ್ರೆ ತೆಳುವಾಗಿರಬೇಕು, ಹೊರಮೈ ಮತ್ತು ಮುಚ್ಚಳ ಹೊಳಪಿಲ್ಲದ ಕಪ್ಪಾಗಿರಬೇಕು. ಅದನ್ನು ಶಾಖ ತಡೆಯುವ ಪಾರದರ್ಶಕ ಚೀಲದಲ್ಲಿಟ್ಟು ಬಾಯಿ ಕಟ್ಟಬೇಕು. ತಳದಲ್ಲಿ ಮೂರು ಸಣ್ಣ ಕಲ್ಲಿಟ್ಟರೆ ಕೆಳಗೂ ಗಾಳಿಯ ಪದರ ಉಳಿದು, ಶಾಖ ನೆಲಕ್ಕೆ ಹೋಗುವುದಿಲ್ಲ.

ಆಹಾರ ಬೇಯಲು 82ರಿಂದ 90 ಡಿಗ್ರಿ ಸೆಲ್ಸಿಯಸ್ ಸಾಕು. ಅಕ್ಕಿಗೆ ಸುಮಾರು ಎರಡು ಗಂಟೆ, ನೆನೆಸಿದ ಕಾಳಿಗೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಆವಿ ಹೆಚ್ಚು ಹೋಗದ ಕಾರಣ ಒಲೆಗಿಂತ ಕಡಿಮೆ ನೀರು ಹಾಕಬೇಕು. ಕುಕ್ಕರನ್ನು ಸೂರ್ಯ ಸಾಗುವ ಕಡೆಗೆ ತುಸು ಮುಂದಾಗಿ ತಿರುಗಿಸಿಟ್ಟರೆ ಪದೇಪದೇ ಎದ್ದು ಸರಿಪಡಿಸುವ ಕೆಲಸ ತಪ್ಪುತ್ತದೆ.

ಕೆಡುವ ಬಗೆಗಳೂ ಗೊತ್ತಿರುವಂಥವೇ. ಗಾಳಿ ರಟ್ಟನ್ನು ಮಗುಚುತ್ತದೆ. ಹಿಂದೆ ಕಲ್ಲು ಒರಗಿಸಿ. ಧೂಳು ಕೂತರೆ ಹೊಳಪು ಹೋಗುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಮಳೆಗೆ ರಟ್ಟು ಉಬ್ಬಿ ಹಾಳಾಗುತ್ತದೆ. ಎಲ್ಲಕ್ಕಿಂತ ಮೊದಲು ಹರಿಯುವುದು ಚೀಲ. ಬದಲಿ ಚೀಲಗಳ ಪೂರೈಕೆಗೆ ವ್ಯವಸ್ಥೆ ಮಾಡದೆ ಕುಕ್ಕರ್ ಹಂಚುವುದು ಅರ್ಧ ಕೆಲಸವಷ್ಟೇ.

ದೊಡ್ಡ ತೊಡಕು ಊಟದ ರೂಢಿಯದು. ದಾರ್ಫುರ್ ಜನರ ‘ಅಸೀದಾ’ ಸಜ್ಜೆ ಅಥವಾ ಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಅದನ್ನು ಬಿಡದೆ ತಿರುವಬೇಕು. ಕುಕಿಟ್‌ನಲ್ಲಿ ಮುಚ್ಚಳ ತೆರೆದರೆ ಶಾಖವೇ ಹೋಗುತ್ತದೆ. ಕತ್ತಲಾದ ಮೇಲಿನ ಅಡುಗೆಗೂ ಇದು ಒದಗದು. ಹಾಗಾಗಿ ಕಾಳು, ಸಾರು ಹಗಲಲ್ಲೇ ಬೇಯಲಿ. ಬಿಸಿಲು ಇಳಿಯುವ ಮೊದಲೇ ಬಿಸಿ ಪಾತ್ರೆಯನ್ನು ಒಣಹುಲ್ಲು ತುಂಬಿದ ಬುಟ್ಟಿಯಲ್ಲಿ ಹುದುಗಿಸಿ, ಮೇಲೂ ದಪ್ಪಗೆ ಮುಚ್ಚಿದರೆ ಊಟದವರೆಗೆ ಬಿಸಿ ಉಳಿಯುತ್ತದೆ. ಮುದ್ದೆಯೊಂದಕ್ಕೆ ಕಡಿಮೆ ಸೌದೆ ಬೇಡುವ ಮಣ್ಣಿನ ಒಲೆ ಇರಲಿ.

ಇಷ್ಟಾದರೂ ಸೌದೆಯನ್ನು ಮಾರಿಯೇ ಸಕ್ಕರೆ, ಸೋಪು ಕೊಳ್ಳುವ ಹೆಂಗಸು ಹೊರಗೆ ಹೋಗಲೇಬೇಕು. ಅವಳಿಗೆ ಶಿಬಿರದೊಳಗೇ ಬೇರೆ ಸಂಪಾದನೆ ಬೇಕು. ಕುಕ್ಕರ್ ತಯಾರಿಸುವವರಿಗೆ ಕೂಲಿ ಕೊಟ್ಟಾಗ ಅಂಥ ಸಂಪಾದನೆಯ ಒಂದು ಪಾಲು ಸಿಕ್ಕಿತು. ಎಷ್ಟು ಕುಕ್ಕರ್ ಹಂಚಿದೆವು ಎಂದು ಎಣಿಸುವ ಬದಲು, ಈ ವಾರ ಸೌದೆಗೆ ಎಷ್ಟು ಸಲ ಹೋದಿರಿ ಎಂದು ಮನೆಮನೆಯಲ್ಲಿ ಕೇಳಬೇಕು.