ದಸರಾಕ್ಕೆ ಹಳೇ ಮನೆ ತಗೊಂಡು ಸಂಕ್ರಾಂತಿಗೆ ಮಾರಬಹುದಾ?

ಮಳೆ ನಿಂತು ದಸರಾ ಹತ್ತಿರ ಬಂತೆಂದರೆ ನನಗೆ ಫೋನ್ ಬರೋಕೆ ಶುರುವಾಗುತ್ತೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. "ಅಕ್ಕಾರ, ವಡಗಾವಿಯಾಗ ಒಂದ ಹಳೇ ಮನಿ ಐತಿ. ಈಗ ತಗೊಂಡು, ಎರಡ ತಿಂಗಳದಾಗ ರಿಪೇರಿ ಮಾಡಿ, ಸಂಕ್ರಾಂತಿಗೆ ಮಾರಿದ್ರ ಏನಾರ ಉಳೀತೈತೇನ್ರಿ?"

ನಾನೂ ನಮ್ಮ ಯಜಮಾನರೂ ಬೆಳಗಾವಿಯಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇವೆ. ಹಳೇ ಮನೆ ಕೊಳ್ಳೋದು, ಸರಿ ಮಾಡೋದು, ಮಾರೋದು. ವರ್ಷಕ್ಕೆ ಒಂದು, ಜಾಸ್ತಿ ಅಂದರೆ ಎರಡು. ನನ್ನ ಉತ್ತರ ಇಷ್ಟು: ಕೊಳ್ಳಿ, ಕೆಲಸಾನೂ ಚಳಿಗಾಲದಲ್ಲೇ ಹಿಡೀರಿ. ಆದರೆ ಸಂಕ್ರಾಂತಿ ಲೆಕ್ಕ ಬಿಟ್ಟು ಯುಗಾದಿ ಲೆಕ್ಕ ಹಾಕಿ.

ಯಾಕೆಂದರೆ ಗೋಡೆ ಒಣಗಿರೋದಿಲ್ಲ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅಕ್ಟೋಬರ್‌ನಲ್ಲೂ ಆಗಾಗ ಹೊಡೆಯುತ್ತೆ. ಶಹಾಪುರ, ವಡಗಾವಿ, ಖಾಸಬಾಗದ ಹಳೇ ಮನೆಗಳಲ್ಲಿ ಕೆಂಪು ಕಲ್ಲನ್ನು ಮಣ್ಣಿನಲ್ಲಿ ಕಟ್ಟಿದ ದಪ್ಪ ಗೋಡೆಗಳು ಬಹಳ. ಮನೆಗೆ ಮನೆ ಅಂಟಿಕೊಂಡಿರುತ್ತೆ. ಬಿಸಿಲು ಬಿದ್ದರೆ ಮುಂದೆ, ಇಲ್ಲಾ ಹಿತ್ತಲಲ್ಲಿ. ನಾಲ್ಕು ತಿಂಗಳು ನೀರು ಕುಡಿದ ಆ ಗೋಡೆಯನ್ನು ನವೆಂಬರ್‌ನಲ್ಲಿ ಮುಟ್ಟಿದರೆ ಒಣಗಿದಂತೆ ಇರುತ್ತೆ. ಒಳಗೆ ಹಸಿ. ಚಳಿಗಾಲದ ಗಾಳಿ ಒಣ ನಿಜ, ಆದರೆ ರಾತ್ರಿ ತಂಪು, ಹಗಲು ಸಣ್ಣದು, ಓಣಿಯೊಳಗೆ ಬಿಸಿಲು ಇಳಿಯೋದು ಮಧ್ಯಾಹ್ನದ ಸ್ವಲ್ಪ ಹೊತ್ತು ಮಾತ್ರ.

ನಮ್ಮ ಎರಡನೇ ಮನೆಯಲ್ಲಿ ಇದನ್ನು ಕಲಿತೆವು. ನಮ್ಮ ಗೌಂಡಿ (ಗೋಡೆ ಕೆಲಸದ ಮೇಸ್ತ್ರಿ) ಕಾಕಾ ಡಿಸೆಂಬರ್ ಮೊದಲ ವಾರವೇ ಹೇಳಿದ್ದರು, "ಗ್ವಾಡಿ ಇನ್ನಾ ಹಸಿ ಐತಿ ಯವ್ವಾ, ಬಣ್ಣ ಹಚ್ಚಬ್ಯಾಡ." ನಾವು ಕೇಳಲಿಲ್ಲ. ಸಾಲದ ಬಡ್ಡಿ ಓಡುತ್ತಿತ್ತು. ಪುಟ್ಟಿ ಬಳಿದು, ಎರಡು ಕೋಟ್ ಬಣ್ಣ ಹೊಡೆಸಿ, ಸಂಕ್ರಾಂತಿ ಆದ ವಾರವೇ ಮಾರಿದೆವು. ಕೊಂಡವರು ಗಂಡ ಹೆಂಡತಿ ಇಬ್ಬರೂ ಶಾಲೆ ಮಾಸ್ತರು. ಜೂನ್ ಕೊನೆಗೆ ಅವರ ಫೋನ್ ಬಂತು. ಹೋಗಿ ನೋಡಿದರೆ ಮಲಗುವ ಕೋಣೆಯ ಗೋಡೆ ಸೊಂಟದವರೆಗೆ ಹಪ್ಪಳದಂತೆ ಎದ್ದಿತ್ತು. ಉಗುರು ತಾಗಿದರೆ ಬಣ್ಣ, ಪುಟ್ಟಿ, ಅದರ ಹಿಂದಿನ ಬಿಳಿ ಉಪ್ಪು ಎಲ್ಲಾ ಒಟ್ಟಿಗೆ ಉದುರುತ್ತಿತ್ತು. ಅವರ ಅತ್ತೆ ಅದೇ ಗೋಡೆಗೆ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಅವರು ಜಗಳ ಮಾಡಲಿಲ್ಲ, ಚಹಾ ಕೊಟ್ಟರು. ನನಗೆ ಆ ಚಹಾ ಇಳಿಯಲಿಲ್ಲ. ಮಳೆ ಮುಗಿದ ಮೇಲೆ ನಮ್ಮ ಖರ್ಚಿನಲ್ಲೇ ಆ ಗೋಡೆ ಕೆತ್ತಿಸಿ ಮತ್ತೆ ಮಾಡಿಸಿಕೊಟ್ಟೆವು.

ಅಂದಿನಿಂದ ಪ್ರತಿ ಮನೆಯಲ್ಲೂ ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಂಡು, ಗೋಡೆಗೆ ನಾಲ್ಕೂ ಕಡೆ ಗಾಳಿ ಆಡದಂತೆ ಟೇಪ್ ಹಚ್ಚೋದು. ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡೋದು. ಹನಿ ಹಾಳೆಯ ಒಳಮೈಗೆ ಕಟ್ಟಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಗೆ ಕಟ್ಟಿದ್ದರೆ ಅದು ಕೋಣೆಯ ಗಾಳಿಯದು. ಒಳಗೆ ಒಂದು ಹನಿ ಕಂಡರೂ ಬಣ್ಣದವನಿಗೆ ಫೋನ್ ಮಾಡೋದಿಲ್ಲ. ಖರ್ಚು ಹತ್ತಿಪ್ಪತ್ತು ರೂಪಾಯಿ.

ಗೋಡೆ ಹಸಿ ಇರೋದಕ್ಕೆ ಎಲ್ಲಾ ಸಲ ಮಳೆಯೇ ಕಾರಣ ಅಲ್ಲ. ವಡಗಾವಿಯ ಒಂದು ಮನೆಯಲ್ಲಿ ಪಡಸಾಲೆಯ ಒಂದೇ ಮೂಲೆ ಎಷ್ಟು ದಿನವಾದರೂ ಒಣಗಲಿಲ್ಲ. ನಳ ಇಲ್ಲ, ಗಟಾರ ಇಲ್ಲ. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, "ಅಲ್ಲಿ ಮಗ್ಗದ ಕುಣಿ ಇತ್ತಲ್ಲವಾ" ಅಂದರು. ನೇಕಾರರ ಓಣಿ ಅದು. ಕುಣಿ ಅಂದರೆ ನೇಕಾರ ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿ. ಪವರ್‌ಲೂಮ್ ಬಂದಾಗ ಕುಣಿಗೆ ಮಣ್ಣು, ಒಡೆದ ಹಂಚು ತುಂಬಿ, ಮೇಲೆ ಶಹಾಬಾದ ಫರಸಿ ಹಾಸಿಬಿಟ್ಟಿದ್ದರು. ಫರಸಿ ಎಬ್ಬಿಸಿದರೆ ಮಣ್ಣು ಕೆಸರಿನಂತೆ ಇತ್ತು. ತಳದಲ್ಲಿ ಒಂದು ಲಾಳಿಯೂ ಸಿಕ್ಕಿತು, ಕಟ್ಟಿಗೆ ಮೆತ್ತಗಾಗಿತ್ತು, ತುದಿಯ ಲೋಹ ಹಾಗೇ ಇತ್ತು. ಆ ಮಣ್ಣೆಲ್ಲ ಹೊರಗೆ ಹಾಕಿ, ಖಡಿ (ಜಲ್ಲಿ) ತುಂಬಿ, ಪ್ಲಾಸ್ಟಿಕ್ ಹಾಸಿ, ಮೇಲೆ ಕಾಂಕ್ರೀಟ್ ಹಾಕುವಷ್ಟರಲ್ಲಿ ಎರಡು ವಾರ ಹೋಯಿತು. ಅಂದಾಜು ಪಟ್ಟಿಯಲ್ಲಿ ಈ ಎರಡು ವಾರ ಇರಲೇ ಇಲ್ಲ.

ಇನ್ನೊಂದು ಮಾತು. ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಗಿಲಾವ್ (ಪ್ಲಾಸ್ಟರ್) ಹೊಡೆದು ಮುಚ್ಚಬೇಡಿ. ಒಳಗಿನ ತೇವ ಹೊರಗೆ ಬರಲು ದಾರಿ ಸಿಗದೆ ಮೇಲಕ್ಕೆ ಏರುತ್ತೆ. ಸುಣ್ಣದ ಗಿಲಾವ್ ತೇವವನ್ನು ಹೊರಗೆ ಬಿಡುತ್ತೆ. ಸುಣ್ಣದ ಕೆಲಸ ಬಲ್ಲ ಕೈಗಳು ಈಗ ಕಡಿಮೆ, ಆದರೂ ಹುಡುಕಿ. ಇದರಲ್ಲಿ ನಾನು ರಾಜಿ ಆಗೋದಿಲ್ಲ.

ಗೋಡೆ ಆದ ಮೇಲೆ ಆಳುಗಳ ಮಾತು. ಚಳಿಗಾಲದಲ್ಲಿ ಕೆಲಸ ನಿಲ್ಲೋದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಳೆ ಇಲ್ಲ ನಿಜ, ಆದರೆ ಜನ ಎಲ್ಲಿದ್ದಾರೆ? ನವೆಂಬರ್‌ಗೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದರೆ ಅರ್ಧ ಆಳು ಕಬ್ಬಿನ ಕಡೆ ಹೋಗುತ್ತಾರೆ. ತುಳಸಿ ಲಗ್ನ ಆದ ಮೇಲೆ ಮದುವೆಗಳು. ಹೊಸ್ತಿಲ ಹುಣ್ಣಿಮೆಗೆ ಒಮ್ಮೆ, ಬನದ ಹುಣ್ಣಿಮೆಗೆ ಒಮ್ಮೆ ಎಲ್ಲಮ್ಮನ ಗುಡ್ಡದ ಜಾತ್ರೆ. ನಡುವೆ ಎಳ್ಳ ಅಮಾವಾಸ್ಯೆ, ಅಂದು ಹೊಲಕ್ಕೆ ಚರಗ (ನೈವೇದ್ಯ) ಚೆಲ್ಲಲು ಊರಿಗೆ ಹೋಗಲೇಬೇಕು. ಹೋಗಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳಬಾರದು ಕೂಡ. ಮೊದಲೇ ಕ್ಯಾಲೆಂಡರ್ ಗೋಡೆಗೆ ಹಾಕಿ, ಆ ದಿನಗಳನ್ನು ಗೌಂಡಿ ಕಾಕಾನ ಎದುರಿಗೇ ಗೀಟು ಹಾಕಿ ಬಿಡುತ್ತೇನೆ. ಕಾಂಕ್ರೀಟ್ ಹಾಕೋದನ್ನು ಆ ರಜೆಗಳ ಹಿಂದಿನ ದಿನಕ್ಕೆ ಇಟ್ಟುಕೊಳ್ಳೋದು ಒಳ್ಳೇದು. ಈಗ ಹೆಚ್ಚು ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕಡಿಮೆ ಅಂದರೂ 10 ದಿನ ನೀರು ಉಣಿಸಬೇಕು. ಆಳು ಇಲ್ಲದಿದ್ದರೆ ಆ ನೀರು ನಾನೇ ಹೊಡೆಯುತ್ತೇನೆ, ಬೆಳಗ್ಗೆ ಸಂಜೆ.

ಕೊಳ್ಳುವವರ ಕಥೆಯೂ ಹೀಗೇ. ಡಿಸೆಂಬರ್ ನಡುವಿಂದ ಧನುರ್ಮಾಸ. ಬರುತ್ತಾರೆ, ನೋಡುತ್ತಾರೆ, ಮೆಚ್ಚುತ್ತಾರೆ, ಸಂಚಕಾರ (ಮುಂಗಡ) ಮಾತ್ರ ಸಂಕ್ರಾಂತಿ ಆಗೋವರೆಗೂ ಕೊಡೋದಿಲ್ಲ. ಅಂದರೆ ಸಂಕ್ರಾಂತಿ ನಿಮಗೆ ಮಾತು ಶುರುವಾಗುವ ದಿನ. ಕಾಗದ ಆಗೋದು ಅದಾದ ಮೇಲೆ.

ಕಾಗದದ್ದು ಚುಟುಕಾಗಿ ಹೇಳುತ್ತೇನೆ. ಈಗ ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಇಲ್ಲದೆ ನೋಂದಣಿ ಆಗೋದಿಲ್ಲ. ಹಳೇ ಮನೆಯ ಸಿಟಿ ಸರ್ವೆ ಉತಾರದಲ್ಲಿ (ಮಾಲೀಕರ ಹೆಸರಿರುವ ದಾಖಲೆ) ಎಷ್ಟೋ ಸಲ ತೀರಿಹೋದ ತಂದೆಯ ಹೆಸರು, ಮೂರು ಅಣ್ಣತಮ್ಮಂದಿರ ಹೆಸರು ಇನ್ನೂ ಇರುತ್ತೆ. ವಾಟ್ನಿ (ಆಸ್ತಿ ಪಾಲು) ಆಗಿರೋದಿಲ್ಲ. ಇದನ್ನು ಕೊಳ್ಳುವ ಮೊದಲೇ ಬಗೆಹರಿಸಿಕೊಳ್ಳಿ, ಗೌಂಡಿಯನ್ನು ಆಮೇಲೆ ಕರೀರಿ.

ಉಳಿಯೋದೆಷ್ಟು ಅಂತ ಕೇಳುತ್ತಾರಲ್ಲ, ಅಲ್ಲಿ ಜನ ಮರೆಯೋದು ಒಂದಿದೆ. ಕೊಳ್ಳುವಾಗ ಮುದ್ರಾಂಕ ಶುಲ್ಕ 5%. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. 30 ಲಕ್ಷದ ಮನೆಗೆ ಇವೆರಡೇ 2 ಲಕ್ಷ 10 ಸಾವಿರ, ಮೇಲೆ ಸೆಸ್ ಬೇರೆ. ಮುಂದೆ ನಿಮ್ಮಿಂದ ಕೊಳ್ಳುವವರೂ ಇದನ್ನೇ ಕಟ್ಟಬೇಕು. ಆ ಭಾರವನ್ನು ಅವರು ನಿಮ್ಮ ಬೆಲೆಯಲ್ಲಿ ಇಳಿಸಿ ಕೇಳುತ್ತಾರೆ. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರಿ, ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತೆ. ಇದರ ಮೇಲೆ ಕಾಯುವ ತಿಂಗಳ ಬಡ್ಡಿ. ಅದಕ್ಕೇ ನಾನು ಮೊದಲ ದಿನವೇ ಬಡ್ಡಿಯನ್ನು ಆರು ತಿಂಗಳಿಗೆ ಲೆಕ್ಕ ಹಾಕಿ, ಅಷ್ಟು ಕಳೆದು, ಆಮೇಲೆ ಮನೆಗೆ ಬೆಲೆ ಕೇಳುತ್ತೇನೆ. ಆ ಬೆಲೆಗೆ ಕೊಡದಿದ್ದರೆ ಕೈ ಮುಗಿದು ಬಂದುಬಿಡುತ್ತೇವೆ.

ಚಳಿಗಾಲದಲ್ಲಿ ಮಾರುವವರಿಗೆ ಒಂದು ಅನುಕೂಲ ಇದೆ ಅಂತ ಕೆಲವರು ನನಗೆ ಕಿವಿಮಾತು ಹೇಳಿದ್ದಾರೆ. ಮಳೆ ಇಲ್ಲ, ಸೋರೋದು ಕಾಣೋದಿಲ್ಲ ಅಂತ. ನನಗೆ ಈ ಮಾತು ಕೇಳಿದರೆ ಆ ಮಾಸ್ತರ ಮನೆಯ ಮಂಚ ನೆನಪಾಗುತ್ತೆ. ಈಗ ನಾವು ತಾರಸಿ ಸ್ಲ್ಯಾಬಿನ ಸುತ್ತ ಸಣ್ಣ ಒಡ್ಡು ಕಟ್ಟಿ ಎರಡು ದಿನ ನೀರು ನಿಲ್ಲಿಸುತ್ತೇವೆ. ಹಂಚಿನ ಮಾಡಿಗೆ ಪೈಪ್ ಹಿಡಿದು ಅರ್ಧ ತಾಸು ನೀರು ಬಿಡುತ್ತೇವೆ. ಕೊಳ್ಳುವವರನ್ನೂ ಕರೆಯುತ್ತೇವೆ, ಒಳಗೆ ನಿಂತು ಮೇಲೆ ನೋಡಲಿ ಅಂತ.

ಮಗ್ಗದ ಕುಣಿ ಇದ್ದ ಮನೆಯಲ್ಲಿ ಹಾಳೆ ಹನಿ ಕಟ್ಟದೆ ಬಂದದ್ದು ಫೆಬ್ರವರಿ ಮೂರನೇ ವಾರ. ಆ ವಾರವೇ ಬಣ್ಣ ಶುರು ಮಾಡಿದೆವು. ಯುಗಾದಿಗೆ ಎಂಟು ದಿನ ಇದೆ ಅನ್ನುವಾಗ ಕಾಗದ ಆಯಿತು. ಲಾಳಿಯನ್ನು ಕೊಂಡವರೇ ಕೇಳಿ ಇಟ್ಟುಕೊಂಡರು. ಜುಲೈನ ಜಡಿಮಳೆಯಲ್ಲಿ ಒಂದು ಸಂಜೆ ಕೊಡೆ ಹಿಡಿದು ಅಲ್ಲಿಗೆ ಹೋದೆ. ಆ ಮೂಲೆಯ ಗೋಡೆಗೆ ಅಂಗೈ ಇಟ್ಟು ನೋಡಿದೆ. ಒಣಗೇ ಇತ್ತು.