ಹೌಫ್‌ನ ಕಲ್ಲುಗಳು: ನವೆಂಬರಿನಿಂದ ಮಾರ್ಚ್‌ವರೆಗೆ

ಈ ಭಾನುವಾರಕ್ಕೆ ನಾನು ಓದಿ ಬರೆದುಕೊಂಡ ಹಳೆಯ ಸಮಾಧಿಕಲ್ಲುಗಳು 41 ಆದವು. ನವೆಂಬರಿನಲ್ಲಿ ಈ ಕೆಲಸ ಹಿಡಿದಾಗ ವಾರಕ್ಕೆ ಹತ್ತಾದರೂ ಓದಿ ಮುಗಿಸಬಹುದು ಎಂದುಕೊಂಡಿದ್ದೆ. ಆಗುತ್ತಿರುವುದು ಎರಡು, ಹೆಚ್ಚೆಂದರೆ ಮೂರು. ಬೇಸರವಿಲ್ಲ. ಒಂದು ಕಲ್ಲಿನ ಮುಂದೆ ಎರಡು ಗಂಟೆ ಕುಳಿತಾಗ ಮಾತ್ರ ಕಣ್ಣಿಗೆ ಬೀಳುವ ಅಕ್ಷರಗಳಿವೆ.

ಹೌಫ್ ಇರುವುದು ಸ್ಕಾಟ್ಲೆಂಡಿನ ಡಂಡೀ ನಗರದ ನಟ್ಟನಡುವೆ. ನಾಲ್ಕು ಕಡೆ ಗೋಡೆ, ಗೋಡೆಯಾಚೆ ಅಂಗಡಿ ಬೀದಿಗಳು, ಒಳಗೆ ಹುಲ್ಲು ಮತ್ತು ಸಾಲುಸಾಲು ಸಮಾಧಿಕಲ್ಲುಗಳು. ಮೊದಲು ಇದು ಫ್ರಾನ್ಸಿಸ್ಕನ್ ಸನ್ಯಾಸಿಗಳ ಜಾಗವಾಗಿತ್ತು. ಸ್ಕಾಟ್ಲೆಂಡ್ ಕ್ಯಾಥೊಲಿಕ್ ಚರ್ಚನ್ನು ಬಿಟ್ಟ 1560ರ ಧರ್ಮಸುಧಾರಣೆಯ ಹೊತ್ತಿಗೆ ಮಠ ಹೋಯಿತು. 1564ರಲ್ಲಿ ರಾಣಿ ಮೇರಿ ಈ ನೆಲವನ್ನು ಊರಿನ ಸ್ಮಶಾನಕ್ಕೆಂದು ಕೊಟ್ಟಳು. ಡಂಡೀಯ ಒಂಬತ್ತು ಕಸುಬುದಾರ ಸಂಘಗಳು, ಅಂದರೆ ರೊಟ್ಟಿ ಸುಡುವವರು, ಚಮ್ಮಾರರು, ಕೈಗವಸು ಮಾಡುವವರು, ದರ್ಜಿಗಳು, ಟೋಪಿ ಹೆಣೆಯುವವರು, ಕಟುಕರು, ಕಮ್ಮಾರರು, ನೇಕಾರರು, ಬಣ್ಣಗಾರರು, 1776ರವರೆಗೂ ತಮ್ಮ ಸಭೆಗಳನ್ನು ಇಲ್ಲೇ ಈ ಕಲ್ಲುಗಳ ನಡುವೆ ನಡೆಸುತ್ತಿದ್ದರು. ಸ್ಕಾಟ್ ಮಾತಿನಲ್ಲಿ ಹೌಫ್ ಎಂದರೆ ಜನ ಸೇರುವ ತಾಣ. ನಮ್ಮ ಮಾತಿನಲ್ಲಿ ಕಟ್ಟೆ ಎನ್ನಬಹುದು. ಸತ್ತವರ ಪಕ್ಕದಲ್ಲೇ ಕುಳಿತು ದರ, ಕೂಲಿ, ಜಗಳಗಳನ್ನು ತೀರ್ಮಾನಿಸಿದ ಕಟ್ಟೆ.

ಆದ್ದರಿಂದಲೇ ಇಲ್ಲಿನ ಕಲ್ಲುಗಳು ಕಸುಬನ್ನು ಮರೆಯುವುದಿಲ್ಲ. ಕಿರೀಟ ತೊಟ್ಟ ಸುತ್ತಿಗೆ ಕಂಡರೆ ಕಮ್ಮಾರ. ಕತ್ತರಿ ಮತ್ತು ಇಸ್ತ್ರಿಪೆಟ್ಟಿಗೆ ಇದ್ದರೆ ದರ್ಜಿ. ಅರ್ಧಚಂದ್ರದಂತಹ ರಂಪಿಗೆ ಚಮ್ಮಾರನದು. ವ್ಯಾಪಾರಿಗಳ ಗುರುತು ಮಾತ್ರ ನನ್ನನ್ನು ಬಹಳ ಕಾಡಿತು. ಇಂಗ್ಲಿಷ್ ಅಂಕಿ ನಾಲ್ಕರಂತೆ ಕಾಣುವ ಒಂದು ಗೆರೆಚಿತ್ರ ಅದು. ಮೊದಲ ಮೂರು ವಾರ ಅದನ್ನು ಇಸವಿಯ ಭಾಗವೆಂದೇ ಬರೆದುಕೊಂಡಿದ್ದೆ. ಸರಕಿನ ಮೂಟೆಯ ಮೇಲೆ ಹಾಕುತ್ತಿದ್ದ ಗುರುತೇ ಸಮಾಧಿಯ ಮೇಲೂ ಬಂದಿದೆ ಎಂದು ತಿಳಿದ ಮೇಲೆ ಆರು ಕಲ್ಲುಗಳನ್ನು ಮತ್ತೆ ಓದಬೇಕಾಯಿತು. ಇನ್ನೊಂದು ತಪ್ಪು: ಮೊದಲಕ್ಷರ 'ಐ' ಎಂದಿದ್ದಲ್ಲೆಲ್ಲ ಐಸಾಕ್ ಇರಬಹುದು ಎಂದು ಊಹಿಸಿದ್ದೆ. ಆ ಕಾಲದಲ್ಲಿ 'ಜೆ' ಬದಲಿಗೂ 'ಐ' ಕೆತ್ತುತ್ತಿದ್ದರು. ನನ್ನ ಪಟ್ಟಿಯ ಐಸಾಕ್‌ಗಳಲ್ಲಿ ಬಹುಪಾಲು ಜಾನ್ ಮತ್ತು ಜೇಮ್ಸ್ ಇರಬೇಕು. ಈಗ ಊಹೆ ಬರೆಯುವುದನ್ನೇ ಬಿಟ್ಟಿದ್ದೇನೆ. ಕಲ್ಲಿನಲ್ಲಿ ಎಷ್ಟಿದೆಯೋ ಅಷ್ಟೇ.

ಓದುವ ಬಗೆಯ ಬಗ್ಗೆ ಸ್ವಲ್ಪ ಹೇಳಬೇಕು. ಬ್ರಷ್ಷು, ಸೀಮೆಸುಣ್ಣ, ಹಿಟ್ಟು, ಕ್ಷೌರದ ನೊರೆ ಯಾವುದನ್ನೂ ನಾನು ಕಲ್ಲಿಗೆ ತಾಗಿಸುವುದಿಲ್ಲ. ಅಕ್ಷರ ಎದ್ದು ಕಾಣಲೆಂದು ಇವನ್ನೆಲ್ಲ ಬಳಿಯುವವರಿದ್ದಾರೆ. ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಇಲ್ಲಿನ ಕಲ್ಲು ಪದರಪದರದ ಮರಳುಗಲ್ಲು. ಪದರಗಳ ನಡುವೆ ನೀರು ಇಳಿಯುತ್ತದೆ, ಚಳಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಒಂದು ದಿನ ಮುಖವೆಲ್ಲ ಹಪ್ಪಳದಂತೆ ಕಳಚಿ ಬೀಳುತ್ತದೆ. ಅಂತಹ ಕಲ್ಲನ್ನು ಉಜ್ಜಿದರೆ ಹೆಸರೂ ಕೈಗೆ ಬರುತ್ತದೆ. ಡಿಸೆಂಬರಿನಲ್ಲಿ ನಾನು ಚಿತ್ರ ತೆಗೆದ ಒಂದು ಕಲ್ಲಿನ ಕೆಳಗಿನ ಎರಡು ಸಾಲುಗಳು ಫೆಬ್ರವರಿಗೆ ಹುಲ್ಲಿನ ಮೇಲೆ ಚೂರಾಗಿ ಬಿದ್ದಿದ್ದವು. ಆ ದಿನ ಮತ್ತೇನನ್ನೂ ಓದಲಾಗಲಿಲ್ಲ.

ಬೇಕಾಗಿರುವುದು ಓರೆ ಬೆಳಕು ಮಾತ್ರ. ಡಿಸೆಂಬರಿನ ಕೊನೆಯಲ್ಲಿ ಡಂಡೀಯ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 10 ಡಿಗ್ರಿಯಷ್ಟೇ ಮೇಲಿರುತ್ತಾನೆ. ಆ ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಹೋದಾಗ ಬರಿಗಣ್ಣಿಗೆ ಸಪಾಟಾಗಿದ್ದ ಜಾಗದಲ್ಲಿ ತಲೆಬುರುಡೆ, ಅಡ್ಡಮೂಳೆ, ಮರಳು ಗಡಿಯಾರ ಒಂದೊಂದಾಗಿ ಏಳುತ್ತವೆ. ಸುಧಾರಣೆಯ ನಂತರದ ಚರ್ಚು ದೇವರ ವಿಗ್ರಹಗಳನ್ನು ಒಪ್ಪುತ್ತಿರಲಿಲ್ಲ. ಹಾಗಾಗಿ ಕೆತ್ತುವವರ ಕುಶಲತೆಯೆಲ್ಲ ಸಾವಿನ ಈ ಗುರುತುಗಳಿಗೆ ಹರಿದಿದೆ. ಉತ್ತರಕ್ಕೆ ಮುಖ ಮಾಡಿದ ಕಲ್ಲುಗಳಿಗೆ ಚಳಿಗಾಲದಲ್ಲಿ ಬಿಸಿಲು ತಾಗುವುದೇ ಇಲ್ಲ. ಅವಕ್ಕೆ ಮನೆಯ ನಿಲುಗನ್ನಡಿ ತಂದು ಬಿಸಿಲನ್ನು ತಿರುಗಿಸುತ್ತೇನೆ. ಹೆಂಡತಿ ಕನ್ನಡಿ ಹಿಡಿಯುತ್ತಾಳೆ, ನಾನು ಕ್ಯಾಮೆರಾ ಹಿಡಿಯುತ್ತೇನೆ.

ಜನವರಿಯಲ್ಲಿ ಮಳೆ ಬಿಡಲಿಲ್ಲ. ಒಂದು ಶನಿವಾರ ರೈಲಿನಲ್ಲಿ ಎಡಿನ್‌ಬರೋಗೆ ಹೋಗಿ ಗ್ರೇಫ್ರೈಯರ್ಸ್ ಸ್ಮಶಾನ ನೋಡಿ ಬಂದೆವು. ಅಲ್ಲಿ ಸಮಾಧಿಗಳ ಮೇಲೆ ಹೊದಿಸಿದ ಕಬ್ಬಿಣದ ಪಂಜರಗಳಿವೆ. ವೈದ್ಯಶಾಲೆಗಳಿಗೆ ಮಾರಲು ಹೆಣ ಕದಿಯುತ್ತಿದ್ದವರಿಂದ ಕಾಯುವುದಕ್ಕೆ ಅವನ್ನು ಮಾಡಿಸಿದ್ದರು. ವೈದ್ಯಶಾಲೆಗಳಿಗೆ ಹೆಣಗಳು ಕಾನೂನಿನ ದಾರಿಯಲ್ಲೇ ಸಿಗುವಂತೆ ಮಾಡಿದ 1832ರ ಕಾನೂನು ಬಂದ ಮೇಲೆ ಆ ಕಾಟ ತಗ್ಗಿತು. ಪ್ರವಾಸಿಗಳ ಗುಂಪು ಅಲ್ಲೇ ನಿಂತಿತ್ತು. ನಾನು ಹುಡುಕುತ್ತಿದ್ದುದು ಜೇಮ್ಸ್ ಹಟನ್‌ರ ಜಾಗವನ್ನು. 1788ರಲ್ಲಿ ಸಿಕಾರ್ ಪಾಯಿಂಟ್ ಎಂಬ ಕಡಲಂಚಿನಲ್ಲಿ, ನೆಟ್ಟಗೆ ನಿಂತ ಹಳೆಯ ಬಂಡೆಯ ಮೇಲೆ ಕೆಂಪು ಮರಳುಗಲ್ಲು ಒರಗಿದ್ದನ್ನು ಕಂಡು, ಭೂಮಿಯ ವಯಸ್ಸು ನಮ್ಮ ಎಣಿಕೆಗೆ ಮೀರಿದ್ದು ಎಂದು ತೋರಿಸಿಕೊಟ್ಟವರು ಅವರು. 1797ರಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಹೆಸರಿನ ಫಲಕ ಬಂದದ್ದು 1947ರಲ್ಲಿ. ಕಲ್ಲನ್ನು ಓದುವುದನ್ನು ಜಗತ್ತಿಗೆ ಕಲಿಸಿದವರು ನೂರೈವತ್ತು ವರ್ಷ ಹೆಸರಿಲ್ಲದೆ ಮಲಗಿದ್ದರು. ಆ ಫಲಕದ ಮುಂದೆ ನಾವಿಬ್ಬರೂ ಬಹಳ ಹೊತ್ತು ಮಳೆಯಲ್ಲೇ ನಿಂತಿದ್ದೆವು.

41ನೆಯ ಕಲ್ಲಿನ ಬಗ್ಗೆ ಹೇಳಲೇಬೇಕು. ಅದೊಂದು ನೇಕಾರನ ಕಲ್ಲು. ಮೇಲಿನ ಅರ್ಧ ಚೆನ್ನಾಗಿದೆ: ದೋಣಿಯಾಕಾರದ ಲಾಳಿ, ನಡುವೆ ಕಂಡಿಕೆ ಕೂರಿಸುವ ಗುಳಿ. ನಮ್ಮದು ಗುಳೇದಗುಡ್ಡದ ನೇಕಾರರ ಮನೆ. ಖಣದ ಮಗ್ಗದ ಸದ್ದಿನಲ್ಲೇ ಬೆಳೆದವನು ನಾನು. ಚಿತ್ರವನ್ನು ಅಪ್ಪನ ಮೊಬೈಲಿಗೆ ಕಳುಹಿಸಿದೆ. ಐದು ನಿಮಿಷದಲ್ಲಿ ಕರೆ ಬಂತು. "ತುದಿಗೆ ಲೋಹದ ಮೊನೆ ಇಲ್ಲ ನೋಡು. ಇದು ಕೈಯಿಂದ ಕೈಗೆ ಎಸೆಯುವ ಲಾಳಿ. ನಿನ್ನ ಮುತ್ತಜ್ಜನ ಕಾಲದಲ್ಲಿ ಇಂಥದ್ದೇ ಇತ್ತು" ಎಂದರು. ಅವರು ಹೇಳಿದ್ದು ಸರಿ. ಹಗ್ಗ ಎಳೆದು ಓಡಿಸುವ ಲಾಳಿ ಬಂದದ್ದೇ 1733ರಲ್ಲಿ. ಈ ಕಲ್ಲಿನ ಇಸವಿ 16 ಎಂದು ಶುರುವಾಗುತ್ತದೆ, ಮುಂದಿನ ಎರಡು ಅಂಕಿಗಳು ಅಳಿಸಿವೆ.

ಲಾಳಿಯ ಎಡಕ್ಕೆ ಗಂಡನ ಹೆಸರಿನ ಮೊದಲಕ್ಷರಗಳು, ಬಲಕ್ಕೆ ಹೆಂಡತಿಯವು. ಸ್ಕಾಟ್ಲೆಂಡಿನ ಹಳೆಯ ಕಲ್ಲುಗಳಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದೇ: ಮದುವೆಯಾದ ಹೆಣ್ಣು ತವರಿನ ಹೆಸರನ್ನು ಉಳಿಸಿಕೊಂಡೇ ಸಮಾಧಿಯಲ್ಲಿ ಮಲಗುತ್ತಾಳೆ. ಸರ್ಕಾರಿ ಜನನ ಮರಣ ನೋಂದಣಿ ಇಲ್ಲಿ ಶುರುವಾದದ್ದು 1855ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಹೆಣ್ಣುಮಕ್ಕಳ ಜಾಡು ಸಿಗುವುದು ಇಂತಹ ಎರಡಕ್ಷರಗಳಿಂದ. ಈ ಕಲ್ಲಿನಲ್ಲಿ ಕೆಳಗೆ ಪೂರ್ಣ ಹೆಸರಿನ ಸಾಲೂ ಇದೆ. "ಮಾರ್ಗರೆಟ್" ಎಂಬುದು ಸಿಕ್ಕಿದೆ. ಮುಂದಿನ ಪದದ ಮೇಲೆ ಹುಲ್ಲಿನ ನೆರಳು, ಬೂದು ಕಲ್ಲುಹೂವು. ಕಲ್ಲುಹೂವನ್ನು ಕೆರೆಯುವಂತಿಲ್ಲ, ಅದರ ಕೆಳಗಿನ ಪದರವೂ ಜೊತೆಗೆ ಏಳುತ್ತದೆ.

ಮುಂದಿನ ಭಾನುವಾರ ಬೆಳಿಗ್ಗೆ ಬೇಗ ಹೋಗಿ ಕನ್ನಡಿಯನ್ನು ನೆಲಕ್ಕೆ ತಾಗಿಸಿ ಹಿಡಿದು ನೋಡಬೇಕು. ಅಪ್ಪ ಈಗಾಗಲೇ ಎರಡು ಬಾರಿ ಕೇಳಿದ್ದಾರೆ, ಆ ತಾಯಿಯ ತವರು ಯಾವುದೆಂದು ಗೊತ್ತಾಯಿತೇ ಎಂದು.