ಜನರ ಗುಟ್ಟು ಬಯಲಿನಲ್ಲಿ, ಸರ್ಕಾರದ ಕಡತ ಬೀರುವಿನಲ್ಲಿ

ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ ವರದಿ ಒಪ್ಪಿಸಿದ್ದು 2011ರ ಆಗಸ್ಟ್ 31ಕ್ಕೆ. ತೀರ್ಥಹಳ್ಳಿ, ಹೊಸನಗರ, ಸಾಗರದವರಿಗೆ ಅದು ಓದಲು ಸಿಕ್ಕಿದ್ದು 2012ರ ಮೇ ತಿಂಗಳ ಕೊನೆಗೆ. ನಡುವಿನ ಸುಮಾರು ಒಂಬತ್ತು ತಿಂಗಳು ಕೇಂದ್ರ ಪರಿಸರ ಸಚಿವಾಲಯ ಅದನ್ನು ತನ್ನಲ್ಲೇ ಇಟ್ಟುಕೊಂಡಿತ್ತು. ಕೇರಳದವರೊಬ್ಬರು ಮಾಹಿತಿ ಹಕ್ಕಿನಲ್ಲಿ ಕೇಳಿದರು, ಕೊಡಲಿಲ್ಲ. ಕೇಂದ್ರ ಮಾಹಿತಿ ಆಯೋಗ ಏಪ್ರಿಲ್‌ನಲ್ಲಿ ಕೊಡಿ ಎಂದಿತು. ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಗಿ ಮೇ 17ರಂದು ಅಲ್ಲಿಯೂ ಸೋತಿತು. ಆಮೇಲಷ್ಟೇ ಪಿಡಿಎಫ್ ಹೊರಬಂತು. ಯಾವ ಊರು ಯಾವ ಪರಿಸರ ಸೂಕ್ಷ್ಮ ವಲಯಕ್ಕೆ ಬೀಳುತ್ತದೆ ಎಂದು ಊರಿನವರು ತಿಳಿಯುವ ಮೊದಲೇ ಅದರ ಬಗ್ಗೆ ಭಯ ಮಾತ್ರ ಮನೆಮನೆ ತಲುಪಿಯಾಗಿತ್ತು.

ಇದರ ಪಕ್ಕಕ್ಕೇ ಇನ್ನೊಂದು ಸಂಗತಿ ಇಡಬೇಕು. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಒಂದು ಅಧ್ಯಯನ ಹೊರತಂದಿತು: ನಾಲ್ಕು ಸರ್ಕಾರಿ ಪೋರ್ಟಲ್‌ಗಳಿಂದ ಅಂದಾಜು 13 ಕೋಟಿ ಆಧಾರ್ ಸಂಖ್ಯೆಗಳು ಯಾರಿಗೆ ಬೇಕಾದರೂ ಕಾಣುವಂತಿದ್ದವು. ಕನ್ನ ಹಾಕಿದವರು ಯಾರೂ ಇರಲಿಲ್ಲ. ಪಿಂಚಣಿ, ಉದ್ಯೋಗ ಖಾತರಿಯ ಪಟ್ಟಿ ತೋರಿಸುವ ಪುಟಗಳಲ್ಲಿ ಮುಚ್ಚಬೇಕಿದ್ದ ಕಾಲಂ ತೆರೆದೇ ಇತ್ತು. ಆಧಾರ್ ಕಾಯ್ದೆಯ 29(4)ನೇ ಕಲಂ ಇದನ್ನು ನೇರವಾಗಿ ನಿಷೇಧಿಸುತ್ತದೆ. ಅದೇ ವರ್ಷ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬಚ್ಚಿಡಬೇಕಾದದ್ದು ಬಯಲಿಗೆ, ಬಯಲಿಗಿಡಬೇಕಾದದ್ದು ಬೀರುವಿಗೆ. ಈ ತಿರುವುಮುರುವಿಗೆ ಕಾನೂನು ಎಷ್ಟು ಕಾರಣವೋ ವೆಬ್ ಕಟ್ಟುವ ನಾವೂ ಅಷ್ಟೇ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಕಾಲಂ ತೋರಿಸಬೇಕು, ಯಾವ ಸ್ಕ್ರಿಪ್ಟ್ ಸೇರಿಸಬೇಕು, ಪಿಡಿಎಫ್ ಹೇಗೆ ಏರಿಸಬೇಕು ಎಂಬುದನ್ನು ತೀರ್ಮಾನಿಸುವುದು ಕೀಬೋರ್ಡಿನ ಮುಂದೆ ಕೂತವರು.

ಮೊದಲು ತೂಕದ ಮಾತು. ಆಗುಂಬೆ, ನಗರ, ತುಮರಿ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಇದ್ದಾಗಲೂ ಎಷ್ಟೋ ಕಡೆ ಸಿಗುವುದು 2ಜಿ. ಸೆಕೆಂಡಿಗೆ 100 ಕಿಲೋಬಿಟ್ ಬರುತ್ತದೆ ಎಂದಿಟ್ಟುಕೊಳ್ಳಿ. 2 ಎಂಬಿ ಪುಟ ಇಳಿಯಲು 160 ಸೆಕೆಂಡು ಬೇಕು. 30 ಕೆಬಿ ಪುಟಕ್ಕೆ ಎರಡೂವರೆ ಸೆಕೆಂಡು ಸಾಕು. ಅಡಿಕೆ ದರ ತೋರಿಸುವ ಪುಟವನ್ನೇ ನೋಡಿ: ರಾಶಿ, ಬೆಟ್ಟೆ, ಸರಕು, ಗೊರಬಲು, ನಾಲ್ಕು ಸಾಲು, ಕನಿಷ್ಠ, ಗರಿಷ್ಠ, ಸರಾಸರಿ, ಮೂರು ಕಾಲಂ. ಇಷ್ಟಕ್ಕೆ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬೇಡ. ಎಚ್‌ಟಿಎಂಎಲ್ ಟೇಬಲ್ ಒಂದು, ಹತ್ತು ಸಾಲು ಸಿಎಸ್ಎಸ್, ದಿನಕ್ಕೊಮ್ಮೆ ಹೊಸದಾಗಿ ಬರೆದಿಡುವ ಚಿಕ್ಕ ಪೈಥಾನ್ ಸ್ಕ್ರಿಪ್ಟ್. ರಿಯಾಕ್ಟ್ ಕೆಟ್ಟದ್ದು ಎಂದಲ್ಲ. ನಕ್ಷೆಯ ಮೇಲೆ ಸರ್ವೆ ಗಡಿ ಎಳೆದು ಅಳೆಯುವಂಥ ಕೆಲಸಕ್ಕೆ ಅದು ಸರಿ. ಓದುವ ಪುಟಕ್ಕೆ ಅದನ್ನು ತಂದರೆ ಜಾವಾಸ್ಕ್ರಿಪ್ಟ್ ಪೂರ್ತಿ ಇಳಿಯುವವರೆಗೆ ಪರದೆ ಬಿಳಿ, ಅರ್ಧಕ್ಕೆ ಸಿಗ್ನಲ್ ಹೋದರೆ ಏನೂ ಇಲ್ಲ. ಎಚ್‌ಟಿಎಂಎಲ್ ಅರ್ಧ ಬಂದರೆ ಅರ್ಧವಾದರೂ ಓದಬಹುದು. ನೀವು ಕಟ್ಟಿದ್ದನ್ನು ಫೈರ್‌ಫಾಕ್ಸಿನ ನೆಟ್‌ವರ್ಕ್ ಟ್ಯಾಬಿನಲ್ಲಿ 'ಗುಡ್ 2ಜಿ' ಆಯ್ದು ಒಮ್ಮೆ ತೆರೆದು ನೋಡಿ.

ಒಟಿಪಿ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಎಸ್ಸೆಮ್ಮೆಸ್ ಸಿಗುವುದು ದಿಬ್ಬದ ಮೇಲೆ, ಕಂಪ್ಯೂಟರ್ ಇರುವುದು ಮನೆಯಲ್ಲಿ. ಮೂರು ನಿಮಿಷದಲ್ಲಿ ಸೆಷನ್ ಮುಗಿಸುವ ಪುಟ ಇಂಥವರಿಗೆ ಬಾಗಿಲು ಮುಚ್ಚಿದ ಹಾಗೆಯೇ. ಸೆಷನ್ ಹದಿನೈದು ನಿಮಿಷವಾದರೂ ಇರಲಿ. ತುಂಬಿದ ಫಾರಂ ಅಳಿಸದೆ ಮತ್ತೆ ಒಟಿಪಿ ಕೇಳಲು ಬಿಡಿ.

ಇನ್ನು ಯಾರು ನೋಡುತ್ತಿದ್ದಾರೆ ಎಂಬ ಪ್ರಶ್ನೆ. ಯಾವುದೇ ತಾಣ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿಗೆ ಹೋಗಿ, 'ಡಿಸೇಬಲ್ ಕ್ಯಾಶ್' ಗುರುತು ಹಾಕಿ ಪುಟವನ್ನು ಮತ್ತೆ ಲೋಡ್ ಮಾಡಿ. ಡೊಮೈನ್ ಕಾಲಂನಲ್ಲಿ ಆ ತಾಣದ್ದಲ್ಲದ ಹೆಸರುಗಳು ಕಾಣುತ್ತವೆ: ಗೂಗಲ್ ಟ್ಯಾಗ್ ಮ್ಯಾನೇಜರ್, ಫೇಸ್‌ಬುಕ್ ಪಿಕ್ಸೆಲ್, ಗೂಗಲ್ ಫಾಂಟ್ಸ್, ಯೂಟ್ಯೂಬ್. ಪ್ರತಿಯೊಂದಕ್ಕೂ ಓದುಗರ ಐಪಿ ವಿಳಾಸ ಹೋಗುತ್ತದೆ. ಸಾಮಾನ್ಯವಾಗಿ ಯಾವ ತಾಣದಿಂದ ಬಂದರು ಎಂಬುದೂ ಹೋಗುತ್ತದೆ. ಫಾಂಟ್ ಒಂದಕ್ಕೆ ಏನು ಮಹಾ ಎನ್ನುವವರಿಗೆ: 2022ರ ಜನವರಿ 20ರಂದು ಜರ್ಮನಿಯ ಮ್ಯೂನಿಕ್ ನ್ಯಾಯಾಲಯ ಗೂಗಲ್ ಸರ್ವರಿನಿಂದ ಫಾಂಟ್ ತಂದ ತಾಣದ ಮಾಲೀಕರಿಂದ ಓದುಗನೊಬ್ಬನಿಗೆ 100 ಯೂರೋ ಪರಿಹಾರ ಕೊಡಿಸಿತು. ಕಾರಣ ಇಷ್ಟೇ, ಒಪ್ಪಿಗೆಯಿಲ್ಲದೆ ಐಪಿ ವಿಳಾಸ ಹೊರಗೆ ಹೋಯಿತು.

ನಿಮ್ಮದೇ ತಾಣದಲ್ಲಿ ಇದನ್ನು ತಡೆಯಲು ಒಂದು ಹೆಡರ್ (ಪುಟದ ಜೊತೆ ಸರ್ವರ್ ಬ್ರೌಸರಿಗೆ ಕಳಿಸುವ ಸೂಚನೆ) ಸಾಕು: ಕಂಟೆಂಟ್-ಸೆಕ್ಯುರಿಟಿ-ಪಾಲಿಸಿ, ಅದರೊಳಗೆ ಡಿಫಾಲ್ಟ್-ಎಸ್ಆರ್‌ಸಿ 'ಸೆಲ್ಫ್'. ಆಮೇಲೆ ಬೇರೆ ಡೊಮೈನಿನ ಸ್ಕ್ರಿಪ್ಟ್, ಚಿತ್ರ, ಫಾಂಟ್ ಯಾವುದನ್ನೂ ಬ್ರೌಸರ್ ತರುವುದಿಲ್ಲ. ನೇರವಾಗಿ ಹಾಕಿದರೆ ಪುಟದೊಳಗೇ ಬರೆದ ಸ್ಕ್ರಿಪ್ಟುಗಳೂ ನಿಲ್ಲುತ್ತವೆ, ಬೇರೆ ತಾಣದಿಂದ ತಂದು ಕೂರಿಸಿದ ನಕ್ಷೆ ಮಾಯವಾಗುತ್ತದೆ. ಹಾಗಾಗಿ ಮೊದಲು ಏನನ್ನೂ ತಡೆಯದೆ ದೂರು ಮಾತ್ರ ಹೇಳುವ 'ರಿಪೋರ್ಟ್-ಓನ್ಲಿ' ರೂಪದಲ್ಲಿ ಹಾಕಿ, ಕನ್ಸೋಲಿನಲ್ಲಿ ಬರುವ ದೂರುಗಳನ್ನು ಒಂದೊಂದಾಗಿ ಸರಿಪಡಿಸಿ, ಕೊನೆಗೆ ಬಿಗಿ ಮಾಡಿ. ನಕ್ಷೆಯ ಜಾಗದಲ್ಲಿ ಒಂದು ಚಿತ್ರ ಮತ್ತು ಕೊಂಡಿ ಇದ್ದರೆ ದಾರಿ ಹುಡುಕುವವರಿಗೆ ಏನೂ ಕಡಿಮೆಯಾಗುವುದಿಲ್ಲ.

ಕನ್ನಡ ಫಾಂಟನ್ನು ನಿಮ್ಮ ಸರ್ವರಿನಲ್ಲೇ ಇಡುವಾಗ ಕೆಡುವ ಜಾಗ ಬೇರೆ. ನೋಟೋ ಸಾನ್ಸ್ ಕನ್ನಡದಂಥ ಫಾಂಟಿನಲ್ಲಿ ಒತ್ತಕ್ಷರಗಳ ಆಕೃತಿಗಳಿಗೆ ತಮ್ಮದೇ ಯೂನಿಕೋಡ್ ಸಂಖ್ಯೆ ಇಲ್ಲ. ಜಿಸಬ್ ಎಂಬ ಪಟ್ಟಿಯ ನಿಯಮದಂತೆ ಅವು ಮೂಡುತ್ತವೆ. ಲ್ಯಾಟಿನ್ ಅಕ್ಷರಕ್ಕಾಗಿ ಮಾಡಿದ ಕೆಲವು ಆನ್‌ಲೈನ್ ಸಾಧನಗಳು ಸಂಖ್ಯೆ ಇಲ್ಲದ ಆಕೃತಿಗಳನ್ನೆಲ್ಲ ಕಿತ್ತು ಫಾಂಟ್ ಚಿಕ್ಕದು ಮಾಡುತ್ತವೆ. ಆಗ 'ಕೃಷ್ಣ' 'ರಾಷ್ಟ್ರ' ಎಲ್ಲ ಒಡೆದು ನಿಲ್ಲುತ್ತವೆ. ಫಾಂಟ್‌ಟೂಲ್ಸ್ ಜೊತೆ ಬರುವ ಪೈಎಫ್‌ಟಿಸಬ್‌ಸೆಟ್ ಬಳಸಿ. ಯೂನಿಕೋಡ್ ವ್ಯಾಪ್ತಿ 0ಸಿ80ರಿಂದ 0ಸಿಎಫ್ಎಫ್, ಅದರ ಜೊತೆಗೆ 200ಸಿ ಮತ್ತು 200ಡಿ, ಸ್ಪೇಸ್, ಚಿಹ್ನೆಗಳು, 0ಯಿಂದ 9ರ ಅಂಕಿಗಳು. ಲೇಔಟ್-ಫೀಚರ್ಸ್ ಆಯ್ಕೆಗೆ ನಕ್ಷತ್ರ ಚಿಹ್ನೆ ಕೊಡಿ. 200ಸಿ ಎಂದರೆ 'ಸಾಫ್ಟ್‌ವೇರ್' ಪದದಲ್ಲಿ ಟ ಮತ್ತು ವ ಅಂಟದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರ. 200ಡಿ 'ರ‍್ಯಾಂಕ್' ಸರಿಯಾಗಿ ಮೂಡಲು ಬೇಕು. ಇವೆರಡನ್ನು ಬಿಟ್ಟರೆ ಬ್ರೌಸರ್ ಆ ಒಂದು ಅಕ್ಷರಕ್ಕೆ ಬೇರೆ ಫಾಂಟ್ ಹುಡುಕಿ ಪದದ ನಡುವೆ ಬಿರುಕು ಮೂಡಿಸಬಹುದು. ವೋಫ್2 ರೂಪದಲ್ಲಿ ಉಳಿಸಿ, ಫಾಂಟ್-ಡಿಸ್‌ಪ್ಲೇಗೆ 'ಸ್ವಾಪ್' ಕೊಡಿ. ಫಾಂಟ್ ಇಳಿಯುವ ಮೊದಲೇ ಫೋನಿನ ಫಾಂಟಿನಲ್ಲಿ ಅಕ್ಷರ ಕಾಣುತ್ತದೆ.

ಫಾರಂಗಳಲ್ಲಿ ಬಹಳ ಸಲ ಕಾಣುವ ತಪ್ಪು ಒಂದಿದೆ: ಗೆಟ್ ವಿಧಾನ. ಮೊಬೈಲ್ ಸಂಖ್ಯೆ, ಪಡಿತರ ಚೀಟಿ ಸಂಖ್ಯೆ ಯುಆರ್‌ಎಲ್ ಬಾಲಕ್ಕೆ ಅಂಟಿಕೊಳ್ಳುತ್ತವೆ. ಅಲ್ಲಿಂದ ಬ್ರೌಸರಿನ ಹಿಸ್ಟರಿಗೆ, ಸರ್ವರಿನ ಲಾಗಿಗೆ. ಗ್ರಾಮ ಒನ್ ಕೇಂದ್ರದಂಥ ಕಡೆ ಒಂದೇ ಕಂಪ್ಯೂಟರಿನಲ್ಲಿ ಊರಿಗೆ ಊರೇ ಅರ್ಜಿ ಹಾಕುವಾಗ ಮುಂದೆ ಕೂತವರಿಗೆ ಹಿಂದಿನವರ ಸಂಖ್ಯೆ ಅಡ್ರೆಸ್ ಬಾರಿನಲ್ಲೇ ತಾನಾಗಿ ಬರುತ್ತದೆ. ಪೋಸ್ಟ್ ಬಳಸಿ. ಎಂಜಿನ್‌ಎಕ್ಸ್ ಲಾಗಿನಲ್ಲಿ 'ರಿಕ್ವೆಸ್ಟ್' ವೇರಿಯಬಲ್ ಬದಲು 'ಯುಆರ್‌ಐ' ಬರೆಸಿದರೆ ಪ್ರಶ್ನೆಚಿಹ್ನೆಯ ಮುಂದಿನದು ದಾಖಲಾಗುವುದಿಲ್ಲ. ರೆಫರರ್ ಕಾಲಂ ಕೂಡ ತೆಗೆಯಿರಿ, ಅದರಲ್ಲಿ ಅದೇ ಯುಆರ್‌ಎಲ್ ಮತ್ತೆ ಬಂದು ಕೂರುತ್ತದೆ.

ಲಾಗ್ ಬಗ್ಗೆ ಇಷ್ಟು ಕಟ್ಟುನಿಟ್ಟು ಏಕೆಂದರೆ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವೆ ಕೊಡುವ ಸಂಸ್ಥೆಗಳು 180 ದಿನದ ಲಾಗ್ ಇಟ್ಟುಕೊಳ್ಳಬೇಕು. ವಿಪಿಎನ್ ನಡೆಸುವವರು ಗ್ರಾಹಕರ ಹೆಸರು, ವಿಳಾಸಗಳನ್ನು ಐದು ವರ್ಷ ಇಡಬೇಕು. ಲಾಗ್ ಇಡಲೇಬೇಕು ಎಂದಾದ ಮೇಲೆ ಅದರಲ್ಲಿ ಏನು ಬೀಳುತ್ತದೆ ಎಂಬುದನ್ನು ಮೊದಲೇ ಯೋಚಿಸಿ ಕಟ್ಟುವುದೊಂದೇ ದಾರಿ. ಜನರ ದಾಖಲೆ ಹೀಗೆ ಇಡಿಸುವ ಅದೇ ಸರ್ಟ್-ಇನ್ ಅನ್ನು 2023ರ ನವೆಂಬರ್‌ನಲ್ಲಿ ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಗೆ ಸೇರಿಸಿದರು. ಅಂದರೆ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ವಿಷಯ ಬಿಟ್ಟರೆ ಅದರಿಂದ ಏನನ್ನೂ ಕೇಳುವಂತಿಲ್ಲ. ಸರ್ಕಾರಿ ತಾಣದಿಂದ ನಮ್ಮ ಮಾಹಿತಿ ಸೋರಿದರೆ ಆ ಸೋರಿಕೆಯ ವಿವರ ಇರುವ ಕಚೇರಿಗೇ ಬೀಗ. ಇದನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ.

ಕಡತ ಬಚ್ಚಿಡಲು ಕಾನೂನೇ ಬೇಕೆಂದಿಲ್ಲ, ಕೆಟ್ಟ ಪಿಡಿಎಫ್ ಸಾಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲಿಗೆ 30 ದಿನದ ಸೂಚನೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. 2000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್‌ನಂಥ ಯೋಜನೆಯಲ್ಲಿ ಓದುವವರಿಗೆ ಸಿಗುವ ಕಾಲ ಅಷ್ಟೇ. ಅಷ್ಟರೊಳಗೆ ನೂರಾರು ಪುಟದಲ್ಲಿ ತಮ್ಮ ಊರಿನ ಹೆಸರು, ಸರ್ವೆ ನಂಬರ್ ಎಲ್ಲಿದೆ ಎಂದು ಹುಡುಕಬೇಕು. ಸರ್ಕಾರಿ ಪಿಡಿಎಫ್‌ಗಳು ಎರಡು ರೀತಿ ಕೈಕೊಡುತ್ತವೆ. ಒಂದು, ಬರೀ ಸ್ಕ್ಯಾನ್ ಚಿತ್ರ. ಇನ್ನೊಂದು, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು: ಕಣ್ಣಿಗೆ ಅಚ್ಚ ಕನ್ನಡ, ಕಾಪಿ ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರ. 'ಕಾರ್ಗಲ್' ಎಂದು ಹುಡುಕಿದರೆ ಸೊನ್ನೆ.

ಎರಡಕ್ಕೂ ಮದ್ದು ಒಸಿಆರ್‌ಮೈಪಿಡಿಎಫ್, ಪುಟದ ಚಿತ್ರದಿಂದ ಅಕ್ಷರ ಗುರುತಿಸಿ ಹುಡುಕಬಹುದಾದ ಪಠ್ಯ ಸೇರಿಸುವ ಸಾಧನ. ಉಬುಂಟುವಿನಲ್ಲಿ ಟೆಸೆರಾಕ್ಟ್‌ನ ಕನ್ನಡ ಪ್ಯಾಕೇಜ್ ಹಾಕಿಕೊಂಡು ಭಾಷೆಗೆ 'ಕನ್ನಡ ಪ್ಲಸ್ ಇಂಗ್ಲಿಷ್' ಕೊಡಿ; ಓರೆಯಾದ ಪುಟಕ್ಕೆ ಡಿಸ್ಕ್ಯೂ, ಅಡ್ಡ ಬಿದ್ದದ್ದಕ್ಕೆ ರೊಟೇಟ್-ಪೇಜಸ್. ನುಡಿ ಪಿಡಿಎಫ್ ಎದುರು ಅದು 'ಪುಟದಲ್ಲಿ ಆಗಲೇ ಪಠ್ಯವಿದೆ' ಎಂದು ನಿಲ್ಲುತ್ತದೆ. ಅಲ್ಲಿ ಸ್ಕಿಪ್-ಟೆಕ್ಸ್ಟ್ ಕೊಟ್ಟರೆ ಕಸ ಹಾಗೇ ಉಳಿಯುತ್ತದೆ, ಫೋರ್ಸ್-ಒಸಿಆರ್ ಕೊಡಬೇಕು. ನೀವೇ ಸ್ಕ್ಯಾನ್ ಮಾಡುವುದಾದರೆ 300 ಡಿಪಿಐಗಿಂತ ಕಡಿಮೆ ಬೇಡ, ಒತ್ತಕ್ಷರ ಕಲಸಿಹೋಗುತ್ತದೆ. ಕನ್ನಡ ಅಂಕಿಯ ಸೊನ್ನೆ ಮತ್ತು ಅನುಸ್ವಾರ ಒಂದರಂತೊಂದು ಕಾಣುವುದರಿಂದ ಸರ್ವೆ ನಂಬರ್, ಎಕರೆ-ಗುಂಟೆಗಳನ್ನು ಮೂಲದೊಡನೆ ಕಣ್ಣಾರೆ ಹೋಲಿಸದೆ ಎಲ್ಲೂ ಬಳಸಬೇಡಿ. ಇಳಿಸಿಕೊಂಡ ದಿನವೇ ಮೂಲ ಫೈಲಿನ ಎಸ್ಎಚ್ಎ256 ಮೊತ್ತ ಬರೆದಿಡಿ, ಫೈಲ್ ಆಮೇಲೆ ಬದಲಾಗಿದೆಯೇ ಎಂದು ಅದರಿಂದ ತಿಳಿಯುತ್ತದೆ. ಕ್ಯಾಪ್ಚಾ ಇಲ್ಲದ ಕೊಂಡಿಯಾದರೆ ಪುಟಗಳ ಪ್ರತಿ ಕಾದಿಡುವ ವೇಬ್ಯಾಕ್ ಮಷೀನಿಗೂ ಒಪ್ಪಿಸಿ. ತಾಣದ ವಿನ್ಯಾಸ ಬದಲಾದಾಗ ಹಳೆಯ ಕೊಂಡಿಗಳು ಸತ್ತಿರುತ್ತವೆ.

ಇಲ್ಲದ್ದನ್ನು ಕೇಳಿ ಪಡೆಯಬೇಕು. ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಇಲ್ಲ. 2008ರ ತಿದ್ದುಪಡಿಯಿಂದಾಗಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ಮೀರಿದರೆ ವಾಪಸ್ ಬರುವುದಕ್ಕೆ ಅದೇ ನೆಪ. ಹಾಗಾಗಿ ಪೀಠಿಕೆ ಬೇಡ. ಕಾಮಗಾರಿಯ ಹೆಸರು, ಆರ್ಥಿಕ ವರ್ಷ, ಬೇಕಾದ ದಾಖಲೆ (ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು) ಇಷ್ಟೇ ಬರೆಯಿರಿ. 'ಏಕೆ ಮಾಡಿಲ್ಲ' ಎಂದು ಕೇಳಬೇಡಿ, ದಾಖಲೆ ಕೇಳಿ. ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲೇ ಪಡೆಯುವ ಹಕ್ಕು 2(ಜೆ) ಕಲಂನಲ್ಲಿದೆ; ಕೇಳಿದ ರೂಪದಲ್ಲಿ ಸಾಮಾನ್ಯವಾಗಿ ಕೊಡಬೇಕೆಂದು 7(9) ಹೇಳುತ್ತದೆ. 'ಎಕ್ಸೆಲ್ ಅಥವಾ ಯೂನಿಕೋಡ್ ರೂಪದಲ್ಲಿ, ಪ್ರಿಂಟ್ ಮಾಡಿ ಸ್ಕ್ಯಾನ್ ಮಾಡದೆ' ಎಂದು ಒಂದು ಸಾಲು ಸೇರಿಸಿ.

ಈಗ ಹೊಸ ತೊಡಕು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ). ವೈಯಕ್ತಿಕ ಮಾಹಿತಿಯನ್ನೂ ಸಾರ್ವಜನಿಕ ಹಿತವಿದ್ದರೆ ಕೊಡಬೇಕೆಂಬ ಮಾತು ಮೊದಲು ಆ ಕಲಂನಲ್ಲೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ 44(3) ಅದನ್ನು ಕಿತ್ತುಹಾಕಿತು. 2025ರ ನವೆಂಬರ್‌ನಲ್ಲಿ ಜಾರಿಗೂ ಬಂತು. ಅದೇ ಕಾಯ್ದೆಯ 17(2) ಸರ್ಕಾರ ತಾನು ಹೆಸರಿಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಬಿಡುತ್ತದೆ. ಖಾಸಗಿತನದ ಹೆಸರಿನ ಕಾನೂನು ಅಧಿಕಾರಿಗೆ ಮರೆಯಾಯಿತು, ಬಗರ್‌ಹುಕುಂ ಅರ್ಜಿದಾರನಿಗೆ ಆಗಲಿಲ್ಲ.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಂನಂತೆ ಕೊಡಬಾರದ ಭಾಗ ಮುಚ್ಚಿ ಉಳಿದದ್ದನ್ನು ಕೊಡಬೇಕು. ಆದ್ದರಿಂದ ಹೆಸರು, ಆಧಾರ್, ಫೋನ್ ಬೇಡ, ಮುಚ್ಚಿ ಕೊಡಿ ಎಂದು ಅರ್ಜಿಯಲ್ಲೇ ಬರೆದುಬಿಡಿ. ಬಗರ್‌ಹುಕುಂ ಸಕ್ರಮಕ್ಕೆ ಹಾಕುವ ಫಾರಂ 57ರ ಅರ್ಜಿಗಳ ವಿಲೇವಾರಿ ತಿಳಿಯಲು ಹೆಸರು ಬೇಕಿಲ್ಲ. ಅರ್ಜಿ ಸಂಖ್ಯೆ, ದಿನಾಂಕ, ಗ್ರಾಮ, ವಿಸ್ತೀರ್ಣ, ಆದೇಶ ಸಾಕು. 30 ದಿನಕ್ಕೆ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ. ಹೆಸರೇ ಬೇಕಾದ ಪ್ರಕರಣವಾದರೆ ಅಲ್ಲಿ 8(2)ನ್ನು ಹಿಡಿಯಿರಿ: ಗುಟ್ಟಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎಂಬ ಮಾತು ಅದರಲ್ಲಿ ಇನ್ನೂ ಉಳಿದಿದೆ. ಎರಡನೇ ಮೇಲ್ಮನವಿ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ.

ಕೈಗೆ ಬಂದದ್ದನ್ನು ಪ್ರಕಟಿಸುವಾಗ ಊರಿನವರ ಹೆಸರು ಮುಚ್ಚುವ ಹೊಣೆ ನಿಮ್ಮದು. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಅಕ್ಷರ ಅಡಿಯಲ್ಲೇ ಇರುತ್ತದೆ, ಆಯ್ದು ಕಾಪಿ ಮಾಡಿದರೆ ಬರುತ್ತದೆ. ಕಪ್ಪು ಹಚ್ಚಿದ ಪುಟವನ್ನು ಚಿತ್ರವಾಗಿ ಮಾಡಿ, ಆ ಚಿತ್ರದಿಂದ ಹೊಸ ಪಿಡಿಎಫ್ ಕಟ್ಟಿ. ಮರಳು ದಂಧೆಯ ಫೋಟೋ ಕಳಿಸಿದವರ ಮನೆಯ ಜಾಗ ಫೋಟೋದ ಜಿಪಿಎಸ್ ಗುರುತಿನಲ್ಲಿ ಇರಬಹುದು. ಎಕ್ಸಿಫ್‌ಟೂಲ್ ಅದನ್ನು ಜೆಪೆಗ್‌ನಿಂದ ಅಳಿಸುತ್ತದೆ. ಪಿಡಿಎಫ್‌ನಲ್ಲಿ ಮಾತ್ರ ಅದೇ ಸಾಧನ ಅಳಿಸಿದ್ದನ್ನು ಮರಳಿ ಪಡೆಯಬಹುದು. ಕ್ಯೂಪಿಡಿಎಫ್‌ನಿಂದ ಲೀನಿಯರೈಜ್ ಮಾಡಿ ಫೈಲನ್ನು ಹೊಸದಾಗಿ ಬರೆಸಬೇಕು. ಮಾಹಿತಿ ಕೊಟ್ಟವರನ್ನು ಕಾಪಾಡುವ ಕಾಯ್ದೆಗೆ 2014ರಲ್ಲೇ ಅಂಕಿತ ಬಿದ್ದರೂ ಅದು ಜಾರಿಗೆ ಬಂದಿಲ್ಲ. ಹಾಗಾಗಿ ಫೈಲ್ ಏರಿಸುವ ಮೊದಲು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಮುಚ್ಚಿದ ಹೆಸರನ್ನೇ ಅದರೊಳಗೆ ಹುಡುಕಿ ನೋಡಿ.